ಫೋರ್ಕೆಂಬ ಒಗಟು

ಚಾರ್ಲ್ಸ್ ಸಿಮಿಕ್ ಅವರ ಕವಿತೆಗೆ ಫೋರ್ಕು, ಚಾಕು, ಹಳೆಯ ಬೂಟು, ಬೀದಿಯ ಕಲ್ಲು, ಏನಾದರೂ ಆಗುತ್ತದೆ. ಫೋರ್ಕಿನ ಮೇಲೆ ಬರೆದ ಪುಟ್ಟ ಕವಿತೆಯಲ್ಲಿ ಆ ಊಟದ ಸಾಮಾನು ಹಕ್ಕಿಯ ಕಾಲಿನಂತೆ ಕಾಣತೊಡಗುತ್ತದೆ. ಹಿಡಿದ ಮುಷ್ಟಿಯೋ, ಆ ಹಕ್ಕಿಯ ಕೊಕ್ಕಿಲ್ಲದ ತಲೆ. ಓದಿದವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಸಣ್ಣಗೆ ಮೈ ಜುಮ್ಮೆನ್ನುತ್ತದೆ. ಮುಂದಿನ ಊಟಕ್ಕೆ ಕೂತಾಗ ಕೈ ಒಂದು ಗಳಿಗೆ ತಡೆಯುತ್ತದೆ.

ಇದು ಒಗಟಿನ ಕಸುಬು. ಆದರೆ ಜನಪದ ಒಗಟಿನಲ್ಲಿ ಉತ್ತರ ಕೊನೆಗೆ ಸಿಗುತ್ತದೆ, ಇಲ್ಲಿ ಶೀರ್ಷಿಕೆಯಲ್ಲೇ ಇರುತ್ತದೆ. ಉತ್ತರ ಗೊತ್ತಿದ್ದೂ ಬೆರಗು ಹುಟ್ಟಬೇಕು. ಕಷ್ಟವೂ ಅದೇ, ಸೊಗಸೂ ಅದೇ. ಸಿಮಿಕ್ ಇಂಗ್ಲಿಷಿಗೆ ತಂದ ಸರ್ಬಿಯಾದ ಕವಿ ವಾಸ್ಕೊ ಪೋಪ ಈ ದಾರಿಯಲ್ಲಿ ಮೊದಲೇ ನಡೆದವರು. ತಮ್ಮ ನಾಡಿನ ಜನಪದ ಸಾಹಿತ್ಯವನ್ನು ಆಯ್ದು ಪುಸ್ತಕ ಮಾಡಿದ್ದ ಪೋಪ, ಒಂದು ಬೆಣಚುಕಲ್ಲಿನ ಮೇಲೆ, ಒಂದು ಪುಟ್ಟ ಪೆಟ್ಟಿಗೆಯ ಮೇಲೆ ಕವಿತೆಗಳ ಸರಣಿಯನ್ನೇ ಬರೆದರು.

ಸಿಮಿಕ್ ಹುಟ್ಟಿದ್ದು 1938ರಲ್ಲಿ, ಬೆಲ್‌ಗ್ರೇಡ್‌ನಲ್ಲಿ. 1941ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಊರಿನ ಮೇಲೆರಗಿದಾಗ, ಎದುರುಗಡೆಯ ಕಟ್ಟಡಕ್ಕೆ ಬಿದ್ದ ಬಾಂಬಿನ ರಭಸಕ್ಕೆ ಇನ್ನೂ ಮೂರು ತುಂಬದ ಹುಡುಗ ಹಾಸಿಗೆಯಿಂದ ಹಾರಿ ಬಿದ್ದಿದ್ದ. 1944ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳೂ ಅದೇ ಊರಿಗೆ ಬಾಂಬು ಹಾಕಿದವು. 1954ರಲ್ಲಿ ಸಿಮಿಕ್ ಅಮೆರಿಕ ಸೇರಿದರು. ಅಂಥ ಬಾಲ್ಯ ಕಂಡವರಿಗೆ ಅಸಂಗತವೆಂಬುದು ಮನೆಯೊಳಗಿನ ಮಾತು. 1990ರ ಪುಲಿಟ್ಜರ್ ಪ್ರಶಸ್ತಿ ಪಡೆದ ಅವರ ‘ದ ವರ್ಲ್ಡ್ ಡಸಂಟ್ ಎಂಡ್’ ಎಂಬ ಸಂಕಲನದಲ್ಲಿ ಬಹುಪಾಲು ಗದ್ಯಕವಿತೆಗಳೇ. ಅವುಗಳಲ್ಲೊಂದರಲ್ಲಿ ಮಗುವನ್ನು ಜಿಪ್ಸಿಗಳು ಕದಿಯುತ್ತಾರೆ, ಹೆತ್ತವರು ಮರಳಿ ಕದ್ದು ತರುತ್ತಾರೆ, ಜಿಪ್ಸಿಗಳು ಮತ್ತೆ ಕದಿಯುತ್ತಾರೆ. ಮಗುವೇ ಹೇಳುವ ಕಥೆಯಾದರೂ ಗಾಬರಿಯ ಸುಳಿವಿಲ್ಲ. ಬೆಳಗಿನ ತಿಂಡಿಗೆ ಏನಿತ್ತೆಂದು ಹೇಳುವಷ್ಟೇ ಸಲೀಸು. ದನಿ ಒಂದಿಷ್ಟು ಏರಿದ್ದರೂ ನಗು ಅಲ್ಲೇ ಸಾಯುತ್ತಿತ್ತು.

ಸಿಮಿಕ್‌ರ ಗೆಳೆಯ, ಕವಿ ಜೇಮ್ಸ್ ಟೇಟ್ ಅವರಲ್ಲಿ ವಸ್ತುಗಳಿಗಿಂತ ಮಾತುಕತೆ ಹೆಚ್ಚು. ಅವರ ಕೊನೆಯ ವರ್ಷಗಳ ಸಂಕಲನಗಳಲ್ಲಿ ಅಮೆರಿಕದ ಯಾವುದೋ ಸಣ್ಣ ಊರು, ಒಂದು ಅಂಗಡಿ, ಒಂದು ನೆರೆಮನೆ. ಇಬ್ಬರು ಸಭ್ಯವಾಗಿ ಮಾತಾಡುತ್ತಿದ್ದಂತೆಯೇ ಮಾತು ಎಲ್ಲೋ ಹಳಿ ತಪ್ಪಿರುತ್ತದೆ. ಹಿಂದಕ್ಕೆ ಹೋಗಿ ಸಾಲುಸಾಲಾಗಿ ಹುಡುಕಿದರೂ ಆ ತಿರುವು ಕೈಗೆ ಸಿಗದು. ಪ್ರತಿ ಸಾಲೂ ಹಿಂದಿನ ಸಾಲಿಗೆ ಸರಿಯಾಗಿಯೇ ಉತ್ತರ ಕೊಟ್ಟಿರುತ್ತದೆ.