ಹಿತ್ತಲ ಮನೆಗೊಬ್ಬ ಮೇಸ್ತ್ರಿ

ಚೆನ್ನೈಯ ಕೋಡಂಬಾಕ್ಕಂನ ಹಳೆಯ ಮನೆಗಳ ಹಿಂದೆ ಇನ್ನೊಂದು ಚಿಕ್ಕ ಮನೆ ಇರುತ್ತಿತ್ತು. ಔಟ್‌ಹೌಸ್ ಎನ್ನುತ್ತಿದ್ದರು. ಒಂದು ಕೋಣೆ, ಅಡುಗೆಗೊಂದು ಮೂಲೆ, ಬಾವಿಕಟ್ಟೆಯ ಪಕ್ಕದಲ್ಲಿ ಬಚ್ಚಲು. ಆರ್ಕಾಟ್ ರಸ್ತೆಯ ಆಚೀಚೆ ಸ್ಟುಡಿಯೋಗಳು ಹಗಲೂ ರಾತ್ರಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಬಾಡಿಗೆಗಿದ್ದವರು ಸಹಾಯಕ ನಿರ್ದೇಶಕರು, ಪಿಟೀಲಿನವರು, ಮೇಕಪ್‌ನವರು, ಎಡಿಟಿಂಗ್ ಕೋಣೆಯ ಹುಡುಗರು. ಕನ್ನಡ ಚಿತ್ರಗಳು ಬಹುಪಾಲು ಮದರಾಸಿನಲ್ಲೇ ತಯಾರಾಗುತ್ತಿದ್ದ ದಿನಗಳವು. ಬಿ.ಆರ್. ಪಂತುಲು ಅವರು ‘ಕಿತ್ತೂರು ಚೆನ್ನಮ್ಮ’ ತೆಗೆದದ್ದು 1961ರಲ್ಲಿ. ಪುನೀತ್ ರಾಜ್‌ಕುಮಾರ್ 1975ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ಚಿತ್ರರಂಗ ಬೆಂಗಳೂರಿಗೆ ಹೊರಟಾಗ ಕನ್ನಡದವರು ಮೂಟೆ ಕಟ್ಟಿದರು. ಕೆಲವು ಸಂಸಾರಗಳು ಮಾತ್ರ ಇಲ್ಲೇ ಉಳಿದವು. ನಮ್ಮದು ಹಾಗೆ ಉಳಿದ ಮನೆ.

ಅಕ್ಕ ನಮ್ಮ ಜೊತೆ ಬಂದಿರಲು ಒಪ್ಪಿದಾಗ ಹಿತ್ತಲಿನ ಆ ಹಳೆಯ ಕೋಣೆಯನ್ನು ಕೆಡವಿ ಒಂದು ಸರಿಯಾದ ಮನೆ ಕಟ್ಟಿಸುವುದೆಂದು ತೀರ್ಮಾನವಾಯಿತು. ಮಂಡಿ ನೋವಿನವರಿಗೆ ಮೆಟ್ಟಿಲಿಲ್ಲದ ಮನೆ ಬೇಕು. ಸ್ವತಂತ್ರವಾಗಿ ಬದುಕಿದವರಿಗೆ ತಮ್ಮದೇ ಒಲೆ ಬೇಕು. ಒಂದೇ ಕಾಂಪೌಂಡು, ಎರಡು ಅಡುಗೆಮನೆ. ಜಾಗ ಇತ್ತು, ದುಡ್ಡು ಹೊಂದಿಸಿದ್ದಾಯಿತು. ಇನ್ನು ಕಟ್ಟುವವರು ಯಾರು ಎಂಬ ಪ್ರಶ್ನೆ ಉಳಿಯಿತು.

ಹಿತ್ತಲ ಮನೆಗೆ ಕಂಟ್ರಾಕ್ಟರ್ ಹುಡುಕುವುದು ದೊಡ್ಡ ಮನೆಗೆ ಹುಡುಕುವುದಕ್ಕಿಂತ ಕಷ್ಟ. ಐನೂರು ಆರುನೂರು ಚದರಡಿಯ ಕೆಲಸಕ್ಕೆ ದೊಡ್ಡ ಕಂಪನಿಗಳು ಬರುವುದಿಲ್ಲ. ಬರುವವರಲ್ಲಿ ಅನೇಕರು ‘ಹಿಂದುಗಡೆ ತಾನೇ, ಯಾರು ನೋಡುತ್ತಾರೆ’ ಎಂಬ ಮನಸ್ಸಿನಿಂದ ಬರುತ್ತಾರೆ. ಒಬ್ಬರು ಪ್ಲಾನ್ ಪಾಸು ಮಾಡಿಸುವುದೇ ಬೇಡ ಎಂದರು. ಅಂಥ ಮಾತು ಹೇಳಿದವರನ್ನು ಅಲ್ಲಿಗೇ ಬಿಡಬೇಕು. ಕಟ್ಟಬಹುದಾದ ವಿಸ್ತೀರ್ಣ ಲೆಕ್ಕ ಹಾಕುವಾಗ ಮುಂದಿನ ಮನೆ, ಹಿಂದಿನ ಮನೆ ಎರಡೂ ಒಟ್ಟಿಗೆ ಸೇರುತ್ತವೆ. ತಮಿಳುನಾಡಿನ 2019ರ ಕಟ್ಟಡ ನಿಯಮಗಳ ಪ್ರಕಾರ ಸಾಮಾನ್ಯ ವಾಸದ ಕಟ್ಟಡಕ್ಕೆ ಜಾಗದ ಎರಡು ಪಟ್ಟಿನವರೆಗೆ ಅವಕಾಶವಿದೆ, ಆದರೆ ಸುತ್ತ ಬಿಡಬೇಕಾದ ಜಾಗ ಬಿಟ್ಟೇ ಕಟ್ಟಬೇಕು. ಕಾಗದವಿಲ್ಲದೆ ಕಟ್ಟಿದ ಗೋಡೆ ನಾಳೆ ಮನೆ ಮಾರುವಾಗಲೋ ಪಾಲಾಗುವಾಗಲೋ ಮಕ್ಕಳ ಕಾಲಿಗೆ ತೊಡರುತ್ತದೆ.

ಇನ್ನೊಬ್ಬರು ಫೋನಿನಲ್ಲಿ ಬಣ್ಣ ಬಣ್ಣದ ಚಿತ್ರ ತೋರಿಸಿದರು. ಮುಂಭಾಗಕ್ಕೆ ಕಲ್ಲಿನ ಹಲಗೆ, ಮೇಲೆ ದೀಪದ ಸಾಲು. ಚದರಡಿಗೆ ಇಷ್ಟು ಎಂದು ನಿಂತಲ್ಲೇ ದರ ಹೇಳಿದರು. ನಮ್ಮ ಓಣಿಯ ಅಗಲ ಎಷ್ಟೆಂದು ಅವರು ಕೇಳಲಿಲ್ಲ. ದೆಂಕಣಿಕೋಟೆ ಕಡೆಯ ಒಬ್ಬರು ಬಂದರು, ಸೊಗಸಾದ ಕನ್ನಡ. ಅಕ್ಕನಿಗೆ ಕೇಳಿದ ಕೂಡಲೇ ಖುಷಿಯಾಯಿತು, ‘ನಮ್ಮೋರೇ ಇರಲಿ ಕಣೇ’ ಎಂದಳು. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಮನಸ್ಸು ಮೆತ್ತಗಾಗುವುದು ಸಹಜ. ಆದರೆ ಕಟ್ಟಿದ ಒಂದಾದರೂ ಮನೆ ತೋರಿಸಿ ಎಂದರೆ ಅವರು ನಾಳೆ ನಾಡಿದ್ದು ಎನ್ನುತ್ತಲೇ ಇದ್ದರು. ಭಾಷೆ ಹತ್ತಿರ ತರುತ್ತದೆ, ನಿಜ. ತಾರಸಿ ಸೋರದಂತೆ ನೋಡಿಕೊಳ್ಳುವುದು ಬೇರೆ ವಿದ್ಯೆ.

ಕೊನೆಗೆ ನಾವು ಒಪ್ಪಿಕೊಂಡ ಮೇಸ್ತ್ರಿ ತಿಂಡಿವನಂ ಕಡೆಯವರು, ತಮಿಳಿನವರು. ಅವರು ಬಂದವರೇ ಹಿತ್ತಲಿಗೆ ಹೋಗಲಿಲ್ಲ. ಗೇಟಿನ ಹತ್ತಿರ ನಿಂತು, ‘ಅಮ್ಮಾ, ಡ್ರೈನೇಜ್ ಗುಂಡಿ ಎಲ್ಲಿದೆ?’ ಎಂದು ಕೇಳಿದರು. ಮುಚ್ಚಳ ತೆಗೆಸಿ ಕೋಲು ಇಳಿಬಿಟ್ಟು ಆಳ ನೋಡಿದರು. ಆಮೇಲೆ ಟೇಪು ಹಿಡಿದು ಅಲ್ಲಿಂದ ಹಿತ್ತಲವರೆಗೆ ಅಳೆದರು. ಯಾಕೆ ಎಂದು ಕೇಳಿದ್ದಕ್ಕೆ ವಿವರಿಸಿದರು: ಹಿಂದಿನ ಮನೆಯ ಕಕ್ಕಸಿನ ಪೈಪು ಮುಂದಿನ ಮನೆಯನ್ನು ದಾಟಿ ಬೀದಿಗೆ ಬರಬೇಕು. 40 ಅಡಿಗೆ ಒಂದು ಅಡಿ ಇಳಿಜಾರು ಎಂದಿಟ್ಟುಕೊಂಡರೆ 60 ಅಡಿಯ ಪೈಪಿಗೆ ಒಂದೂವರೆ ಅಡಿ ಇಳಿಜಾರು ಬೇಕು. ಅಷ್ಟು ಸಿಗದಿದ್ದರೆ ಹಿಂದಿನ ಮನೆಯ ನೆಲವನ್ನೇ ಎತ್ತರಿಸಬೇಕು. ಎತ್ತರಿಸದಿದ್ದರೆ ಮಳೆಗಾಲದಲ್ಲಿ ಬೀದಿಯ ಚರಂಡಿ ತುಂಬಿದಾಗ ಕೊಳಚೆ ಬಚ್ಚಲಿಗೆ ತಿರುಗಿ ಬರುತ್ತದೆ. ನೆಲ ಎತ್ತರಿಸಿದರೆ ಅಕ್ಕನಿಗೆ ಮೆಟ್ಟಿಲು ಬಂತಲ್ಲ ಎಂದೆ. ‘ಇಳಿಜಾರು ದಾರಿ ಮಾಡೋಣಮ್ಮಾ, ಕಂಬಿ ಹಿಡಿದುಕೊಂಡು ಬರಬಹುದು’ ಎಂದರು. 2015ರ ಡಿಸೆಂಬರ್ ಮಳೆಯನ್ನೂ 2023ರ ಮಿಚಾಂಗ್ ಚಂಡಮಾರುತವನ್ನೂ ಕಂಡ ಊರಿನಲ್ಲಿ ಮನೆಗೆ ಬುನಾದಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಅದನ್ನು ಬೇರೆ ಯಾರೂ ಕೇಳಿರಲಿಲ್ಲ.

ಓಣಿಯ ವಿಷಯವೂ ಹಾಗೆಯೇ. ಮನೆಯ ಪಕ್ಕದ ದಾರಿ ಮೂರೂವರೆ ಅಡಿ. ರೆಡಿಮಿಕ್ಸ್ ಲಾರಿ ಬರುವುದಿಲ್ಲ. ಇಟ್ಟಿಗೆ, ಜಲ್ಲಿ, ಎಂ ಸ್ಯಾಂಡ್ ಎಲ್ಲವೂ ಬೀದಿಯಲ್ಲಿ ಇಳಿದು ತಲೆಹೊರೆಯಲ್ಲಿ ಹಿಂದಕ್ಕೆ ಹೋಗಬೇಕು. ಹೊರುವ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿದವರ ದರ ಸ್ವಲ್ಪ ಜಾಸ್ತಿ ಕಾಣುತ್ತದೆ. ಹಿಡಿಯದವರು ಕಡಿಮೆ ಹೇಳಿ ಅರ್ಧ ಕೆಲಸವಾದ ಮೇಲೆ ಹೆಚ್ಚು ಕೇಳುತ್ತಾರೆ, ಇಲ್ಲವೇ ಸಿಮೆಂಟಿನಲ್ಲಿ ಉಳಿಸಿಕೊಳ್ಳುತ್ತಾರೆ. ಹಳೆಯ ಬಾವಿಯನ್ನು ಕೆಡವಿದ ಇಟ್ಟಿಗೆಯಿಂದಲೇ ಮುಚ್ಚಿಬಿಡೋಣ ಎಂದು ಇಬ್ಬರು ಸಲಹೆ ಕೊಟ್ಟಿದ್ದರು. ಈ ಮೇಸ್ತ್ರಿ ತಾರಸಿಯ ನೀರನ್ನು ಸೋಸಿ ಬಾವಿಗೇ ಬಿಡೋಣ ಎಂದರು. ತಮಿಳುನಾಡಿನಲ್ಲಿ 2003ರಿಂದ ಮಳೆನೀರು ಇಂಗಿಸುವುದು ಪ್ರತಿ ಕಟ್ಟಡಕ್ಕೂ ಕಡ್ಡಾಯ. ಬಾವಿಯಿರುವ ಮನೆಗೆ ಅದಕ್ಕಿಂತ ಒಳ್ಳೆಯ ಇಂಗುಗುಂಡಿ ಬೇರೆ ಬೇಕೆ?

ಕೋಡಂಬಾಕ್ಕಂ ಕಟ್ಟಡ ಕಟ್ಟುವುದರಲ್ಲಿ ಹೆಸರಾದ ಊರೇ. ವಡಪಳನಿಯ ವಿಜಯಾ ವಾಹಿನಿ ಸ್ಟುಡಿಯೋದ ಅಂಗಳದಲ್ಲಿ ಬಡಗಿಗಳು ಅರಮನೆಗಳನ್ನೇ ಎಬ್ಬಿಸುತ್ತಿದ್ದರು. ಕ್ಯಾಮೆರಾ ನೋಡುವಷ್ಟು ಭಾಗ ಕಣ್ಣು ಕುಕ್ಕುವಂತಿರುತ್ತಿತ್ತು, ಹಿಂದೆ ಬರಿಯ ಬೊಂಬು ಮತ್ತು ಗೋಣಿ. ಶೂಟಿಂಗ್ ಮುಗಿದರೆ ಅರಮನೆಯ ಕೆಲಸವೂ ಮುಗಿಯಿತು. ಇರುವ ಮನೆಯಲ್ಲಿ ಕಣ್ಣಿಗೆ ಬೀಳದ ಭಾಗವೇ ಮನೆ. ಪಾಯ, ಕಾಂಕ್ರೀಟಿನೊಳಗಿನ ಕಂಬಿ, ಟೈಲ್ಸಿನ ಕೆಳಗಿನ ನೀರು ತಡೆ, ಗೋಡೆಯೊಳಗಿನ ಪೈಪು: ಇವೆಲ್ಲ ಒಮ್ಮೆ ಮುಚ್ಚಿಹೋದ ಮೇಲೆ ಯಾರೂ ತೆರೆದು ನೋಡುವಂತಿಲ್ಲ. ಕಂಟ್ರಾಕ್ಟರನನ್ನು ಆರಿಸುವುದೆಂದರೆ ಈ ಮುಚ್ಚಿಹೋಗುವ ಕೆಲಸಕ್ಕೆ ಒಬ್ಬ ಮನುಷ್ಯನನ್ನು ನಂಬುವುದು.

ಹಾಗೆಂದು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಅವರು ಕೆಲಸ ನಡೆಸುತ್ತಿರುವ ಬೇರೆ ಜಾಗಕ್ಕೆ ಹೇಳದೆ ಹೋಗಿ ನಿಲ್ಲಬಹುದು. ಕಾಂಕ್ರೀಟ್ ಹಾಕುವ ಮುನ್ನ ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೆಯೇ ಎಂಬುದು ಯಾರ ಕಣ್ಣಿಗಾದರೂ ಕಾಣುತ್ತದೆ. ಕಂಬಿ ಸೆಂಟ್ರಿಂಗ್ ಹಲಗೆಗೆ ಅಂಟಿಕೊಂಡಿದ್ದರೆ ಕಾಂಕ್ರೀಟು ಅದನ್ನು ಪೂರ್ತಿ ಸುತ್ತಿಕೊಳ್ಳುವುದಿಲ್ಲ. ತೇವ ಹೊಕ್ಕು ತುಕ್ಕು ಹಿಡಿದು ಕೆಲವು ವರ್ಷಗಳಲ್ಲಿ ತಾರಸಿಯ ಕೆಳಭಾಗ ಉದುರಲು ತೊಡಗುತ್ತದೆ. ಕಡಲ ಗಾಳಿಯ ಚೆನ್ನೈಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಕಲಸುವಾಗ ಸಲೀಸಾಗಲೆಂದು ಕೊಡಗಟ್ಟಲೆ ನೀರು ಸುರಿಯುವವರನ್ನು ಕಂಡರೆ ಹಿಂದಿರುಗಿ. ಹಾಕಿದ ಮೇಲೆ ನೀರು ಕಟ್ಟುವುದು ಇನ್ನೊಂದು ಪರೀಕ್ಷೆ. ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರಬಾರದು. 12 ಮಿಲಿಮೀಟರ್ ಕಂಬಿ ಮೀಟರಿಗೆ ಸುಮಾರು 890 ಗ್ರಾಂ ತೂಗಬೇಕು. ತೂಗಿ ತೋರಿಸಿ ಎಂದರೆ ಒಳ್ಳೆಯ ಮೇಸ್ತ್ರಿಗೆ ಸಿಟ್ಟು ಬರುವುದಿಲ್ಲ.

ಇಷ್ಟು ಚಿಕ್ಕ ಮನೆಗೆ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಇದೇ ಆರ್ಕಾಟ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ, ಪೋರೂರಿನ ಹತ್ತಿರ ಸಿಗುವ ಮೌಲಿವಾಕ್ಕಂ ನೆನಪಿಸಬೇಕು. 2014ರ ಜೂನ್ 28ರ ಸಂಜೆ ಅಲ್ಲಿ ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. ಹೆಚ್ಚಿನವರು ಅಲ್ಲಿ ದುಡಿಯುತ್ತಿದ್ದ ಕೂಲಿಕಾರರು. ಕಟ್ಟಡ ಕೆಟ್ಟದಾಗಿದ್ದರೆ ಮೊದಲು ಪ್ರಾಣ ಕೊಡುವವರು ಅದನ್ನು ಕಟ್ಟುವವರೇ. ಆದ್ದರಿಂದ ಕಂಟ್ರಾಕ್ಟರ್ ತನ್ನ ಆಳುಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ನಾನು ಗಮನಿಸಿ ನೋಡಿದೆ. ಶನಿವಾರದ ಬಟವಾಡೆ ತಪ್ಪದೆ ಆಗುತ್ತದೆಯೇ, ಜಲ್ಲಿ ಹೊರುವ ಹೆಂಗಸರಿಗೆ ಕಕ್ಕಸು ಇದೆಯೇ, ಒಡಿಶಾದಿಂದ ಬಂದ ಹುಡುಗರು ಎಲ್ಲಿ ಮಲಗುತ್ತಾರೆ. ಕೂಲಿಯಲ್ಲಿ ಮೋಸ ಮಾಡುವವರು ಸಿಮೆಂಟಿನಲ್ಲಿ ಪ್ರಾಮಾಣಿಕರಾಗಿರುತ್ತಾರೆಂದು ನಾನು ನಂಬಲಾರೆ.

ನಮ್ಮ ತೀರ್ಮಾನವನ್ನು ಗಟ್ಟಿ ಮಾಡಿದ್ದು ರಂಗರಾಜಪುರದ ಒಂದು ಮನೆಯ ಯಜಮಾನಿ. ಐದಾರು ವರ್ಷದ ಹಿಂದೆ ಈ ಮೇಸ್ತ್ರಿಯೇ ಕಟ್ಟಿದ ಮನೆ ಅದು. ಸೋರಿಲ್ಲವೇ ಎಂದು ಕೇಳಿದೆ. ‘ಸೋರಿತ್ತು’ ಎಂದರು ಆಕೆ ನೇರವಾಗಿ. ‘ಎರಡನೇ ಮಳೆಗಾಲಕ್ಕೆ ಬಚ್ಚಲ ಗೋಡೆ ಒದ್ದೆಯಾಯಿತು. ಫೋನ್ ಮಾಡಿದೆ. ಮರುದಿನ ಮಳೆಯಲ್ಲೇ ಬಂದು ಟೈಲ್ಸ್ ಒಡೆದು ಸರಿಮಾಡಿ ಹೋದರು. ಕಾಸು ತೆಗೆದುಕೊಳ್ಳಲಿಲ್ಲ.’ ಎಂದೂ ಸೋರದ ಮನೆಯ ಹೊಗಳಿಕೆಗಿಂತ ಈ ಸೋರಿದ ಮನೆಯ ಮಾತೇ ನನಗೆ ಹೆಚ್ಚು ಧೈರ್ಯ ಕೊಟ್ಟಿತು.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಒಪ್ಪಂದ ಬರವಣಿಗೆಯಲ್ಲಿರಲಿ, ಸಿಮೆಂಟು, ಕಂಬಿ, ಪೈಪು, ವೈರು ಯಾವ ಕಂಪನಿಯದೆಂದು ಅದರಲ್ಲಿ ಇರಲಿ. ದುಡ್ಡು ಪಾಯ, ಲಿಂಟಲ್, ತಾರಸಿ, ಗಾರೆ ಎಂದು ಹಂತಹಂತವಾಗಿ ಹೋಗಲಿ, ಒಂದು ಪಾಲು ಮೊದಲ ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರವೇ ಉಳಿಯಲಿ. ಒಂಟಿ ವಾಸದ ಮನೆಗೆ ಬರಿಯ ಕೂಲಿ ಗುತ್ತಿಗೆಯಾದರೆ ಜಿಎಸ್‌ಟಿ ಇಲ್ಲ; ಸಾಮಾನು ಸಮೇತ ಕೊಟ್ಟರೆ ಶೇ. 18. ಮನೆ ಕಟ್ಟುವುದು ಗ್ರಾಹಕ ಕಾಯ್ದೆಯ ಅಡಿಯ ಸೇವೆ ಎಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ, 2019ರ ಕಾಯ್ದೆಯಲ್ಲೂ ಅದು ಸ್ಪಷ್ಟವಾಗಿದೆ. ಜಗಳ ಬಂದರೆ ಹೋಗಲು ಬಾಗಿಲಿದೆ ಎಂದಾಯಿತು, ಆದರೆ ಒಪ್ಪಂದವೇ ಇಲ್ಲದಿದ್ದರೆ ಆ ಬಾಗಿಲಲ್ಲಿ ತೋರಿಸಲು ಕೈಯಲ್ಲಿ ಏನಿರುತ್ತದೆ?

ಕಾಲದ ಲೆಕ್ಕ ಒಂದು ಬಾಕಿ. ನಮ್ಮ ಮನೆಗಳಲ್ಲಿ ಆಷಾಢದಲ್ಲಿ ಗುದ್ದಲಿ ಪೂಜೆ ಮಾಡುವುದಿಲ್ಲ, ಇಲ್ಲಿಯವರು ತಮಿಳು ತಿಂಗಳಾದ ಆಡಿಯಲ್ಲಿ ಮಾಡುವುದಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಆಡಿ ಶುರುವಾಗಿರುತ್ತದೆ. ಇಬ್ಬರ ನಂಬಿಕೆಗೂ ಗೌರವ ಕೊಟ್ಟರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಶುರುಮಾಡುವಂತಿಲ್ಲ. ಅಕ್ಟೋಬರಿನಲ್ಲಿ ಈಶಾನ್ಯ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ತಾರಸಿ ಬಿದ್ದಿರಬೇಕು. ಆದ್ದರಿಂದ ಸಂಕ್ರಾಂತಿ ಕಳೆದ ಕೂಡಲೇ ಪಾಯ ತೋಡುವುದು ಕ್ಷೇಮ. ಚೆನ್ನೈಯಲ್ಲಿ ಹಿತ್ತಲ ಮನೆ ಕಟ್ಟಿಸುವ ಮನಸ್ಸಿದ್ದವರು ಮೇಸ್ತ್ರಿಯನ್ನು ಅದಕ್ಕೂ ಮುಂಚಿನ ನವೆಂಬರಿನಲ್ಲಿ ಹುಡುಕಿ. ಮಳೆ ಜೋರಾಗಿ ಸುರಿಯುತ್ತಿರುವ ಒಂದು ಮಧ್ಯಾಹ್ನ, ಅವರು ಕಟ್ಟಿ ಮೂರು ವರ್ಷವಾದರೂ ಆದ ಮನೆಯೊಂದಕ್ಕೆ ಹೋಗಿ, ಬಚ್ಚಲ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಅಡ್ವಾನ್ಸ್ ಕೊಡುವ ಮಾತು ಆಮೇಲೆ ಆಡಿ.