ದಂಡಿಗಿಂತ ಹಳೆಯ ಊರು

ಬೆಂಗಳೂರಿಗೆ ನೆಂಟರು ಬಂದರೆ ಅವರಿಗೆ ಮೊದಲು ತೋರಿಸುವುದು ಲಾಲ್‌ಬಾಗ್ ಮತ್ತು ವಿಧಾನಸೌಧ. ‘ಪುರಾತನವಾದುದೇನಾದರೂ ಉಂಟೇ?’ ಎಂದು ಅವರು ಕೇಳಿದರೆ ಬಸವನಗುಡಿಯ ದೊಡ್ಡಬಸವಣ್ಣನ ಬಳಿಗೋ, ಗವಿಗಂಗಾಧರೇಶ್ವರನ ಸನ್ನಿಧಿಗೋ ಕರೆದೊಯ್ಯುವುದು ವಾಡಿಕೆ. ನಗರದ ಮೂಡಣ ಭಾಗವಾದ ದಂಡುಪ್ರದೇಶದತ್ತ ಪ್ರಾಚೀನತೆಯನ್ನರಸಿ ಹೋಗುವವರು ವಿರಳ. ಅಲ್ಲಿರುವುದೆಲ್ಲ ಇಂಗ್ಲಿಷರು ಕಟ್ಟಿದ್ದು, ಅಲ್ಲಿನ ಜನರೆಲ್ಲ ಪಟಾಲಮ್ಮಿನ ಹಿಂದೆ ಬಂದು ನೆಲೆಸಿದವರು ಎಂಬ ಭಾವನೆ ಪೇಟೆಯ ಹಳಬರಲ್ಲಿ ಇಂದಿಗೂ ಉಳಿದಿದೆ.

ಈ ಭಾವನೆಯನ್ನು ಕಲ್ಲುಗಳ ಸಾಕ್ಷ್ಯದಿಂದ ಪರೀಕ್ಷಿಸಿ ನೋಡಬೇಕೆಂದು, ಮಾಘಮಾಸದ ಒಂದು ಭಾನುವಾರ ಮುಂಜಾನೆ ಹನ್ನೆರಡು ಮಂದಿಯ ಚಿಕ್ಕ ತಂಡವೊಂದು ಹಲಸೂರಿನ ಮೆಟ್ರೋ ನಿಲ್ದಾಣದ ಕೆಳಗೆ ಸೇರಿತು. ಮಾರ್ಗದರ್ಶಿಯಾಗಿ ಬಂದಿದ್ದವಳು ಇತಿಹಾಸದ ವಿದ್ಯಾರ್ಥಿನಿಯಾದ ಒಬ್ಬ ತರುಣಿ. ತಂಡದಲ್ಲಿ ಎರಡು ಸಂಸಾರಗಳು, ನಾಲ್ಕಾರು ಮಕ್ಕಳು, ಚಾಮರಾಜಪೇಟೆಯಿಂದ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಒಬ್ಬ ನಿವೃತ್ತ ಉಪಾಧ್ಯಾಯರು ಇದ್ದರು. ಎಲ್ಲರೂ ಅವರನ್ನು ಮೇಷ್ಟ್ರೇ ಎಂದೇ ಕರೆದರು.

“ದಂಡಿನಲ್ಲಿ ನೋಡುವುದಕ್ಕೆ ಏನಮ್ಮಾ ಇದೆ? ಇಗರ್ಜಿ, ಮಾರುಕಟ್ಟೆ, ಬಂಗಲೆ. ಹಳೆಯದೆಲ್ಲ ನಮ್ಮ ಪೇಟೆಯ ಕಡೆಗೇ ಅಲ್ಲವೇ?” ಎಂದು ಮೇಷ್ಟ್ರು ಮೊದಲೇ ಕೇಳಿಬಿಟ್ಟರು.

“ಸಂಜೆಗೆ ನೀವೇ ಹೇಳುವಿರಂತೆ, ಮೇಷ್ಟ್ರೇ,” ಎಂದು ನಕ್ಕು ಆಕೆ ಮುಂದೆ ನಡೆದಳು.

ಸೋಮೇಶ್ವರನ ಸನ್ನಿಧಿಯಲ್ಲಿ

ಹಲಸೂರಿನ ಪೇಟೆಬೀದಿಗಳು ಕಿರಿದು. ಹೂವಿನ ಅಂಗಡಿಗಳನ್ನೂ ಪಾತ್ರೆಯ ಅಂಗಡಿಗಳನ್ನೂ ದಾಟಿ ಹೋಗುತ್ತಿರುವಾಗ ಸೋಮೇಶ್ವರ ದೇವಾಲಯದ ಗೋಪುರ ಥಟ್ಟನೆ ಕಣ್ಣೆದುರು ನಿಲ್ಲುತ್ತದೆ. ವಿಜಯನಗರದ ಶೈಲಿಯ ಈ ದೇವಾಲಯದ ವಿಸ್ತರಣೆಯನ್ನು ಯಲಹಂಕ ನಾಡಪ್ರಭುಗಳ ಹೆಸರಿನೊಂದಿಗೆ ಜನ ಸ್ಮರಿಸುತ್ತಾರೆ. ಬೇಟೆಗೆ ಬಂದ ಪ್ರಭು ಬಳಲಿ ಮರದ ನೆರಳಿನಲ್ಲಿ ಮಲಗಿದನಂತೆ. ಕನಸಿನಲ್ಲಿ ಸೋಮೇಶ್ವರನು ಕಾಣಿಸಿಕೊಂಡು, ಹೂತಿರುವ ನಿಧಿಯನ್ನು ತೆಗೆದು ತನಗೊಂದು ಗುಡಿ ಕಟ್ಟಿಸೆಂದು ಹೇಳಿದನಂತೆ. ಆ ಪ್ರಭು ಕೆಂಪೇಗೌಡನೆಂದು ಕೆಲವರು, ಅವನ ಪೂರ್ವಿಕನಾದ ಜಯಪ್ಪಗೌಡನೆಂದು ಕೆಲವರು ಹೇಳುವುದುಂಟು.

ಒಳಹೊಕ್ಕರೆ ನಲವತ್ತೆಂಟು ಕಂಬಗಳ ವಿಶಾಲವಾದ ತೆರೆದ ಮಂಟಪ. ಕಂಬಕಂಬಕ್ಕೂ ಕೆತ್ತನೆ. ಕೈಲಾಸವನ್ನೆತ್ತುತ್ತಿರುವ ರಾವಣ, ಮಹಿಷನನ್ನು ಮರ್ದಿಸುತ್ತಿರುವ ದುರ್ಗೆ, ಸಪ್ತರ್ಷಿಗಳು, ಗಿರಿಜಾಕಲ್ಯಾಣ ಎಲ್ಲವೂ ಈ ದೇವಾಲಯದ ಶಿಲ್ಪಗಳಲ್ಲಿ ಉಂಟು. ಮಕ್ಕಳು ರಾವಣನ ತಲೆಗಳನ್ನು ಎಣಿಸುವುದರಲ್ಲಿ ತೊಡಗಿದ್ದಾಗ ತರುಣಿ ಹಿರಿಯರಿಗೆ ಇನ್ನೊಂದನ್ನು ತೋರಿಸಿದಳು. ಅವು ತಮಿಳುನಾಡಿನ ಅರುವತ್ತುಮೂವರು ಶಿವಭಕ್ತರಾದ ನಾಯನ್ಮಾರರ ಮೂರ್ತಿಗಳು. ಕನ್ನಡ ಪಾಳೆಯಗಾರರ ನೆರಳಿನಲ್ಲಿ ಬೆಳೆದ ಗುಡಿಯಲ್ಲಿ ತಮಿಳು ಭಕ್ತರಿಗೆ ಸ್ಥಾನ ದೊರೆತಿರುವುದನ್ನು ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

ಹಲಸೂರು ಆಗಲೇ ಹೆಸರಾದ ಊರಾಗಿತ್ತೆಂಬುದಕ್ಕೆ ಇನ್ನೊಂದು ಸಾಕ್ಷ್ಯ ಪೇಟೆಯ ಕಡೆಗೇ ಇದೆ. ಬೆಂಗಳೂರು ಪೇಟೆಯ ಕೋಟೆಗೆ ಇದ್ದ ಮೂಡಣ ಬಾಗಿಲಿಗೆ ಹಲಸೂರು ಬಾಗಿಲು ಎಂದೇ ಹೆಸರು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲೀಸನ ಸೈನ್ಯ ಟಿಪ್ಪುವಿನ ಬೆಂಗಳೂರನ್ನು ಮುತ್ತಿದಾಗ ಪೇಟೆಯೊಳಗೆ ನುಗ್ಗಿದುದು ಆ ಬಾಗಿಲಿನಿಂದಲೇ. ಕೋಟೆ ಹೋಯಿತು, ಬಾಗಿಲೂ ಹೋಯಿತು. ಪೊಲೀಸ್ ಠಾಣೆಯೊಂದರ ಹೆಸರಿನಲ್ಲಿ ಹಲಸೂರು ಗೇಟ್ ಮಾತ್ರ ಉಳಿದಿದೆ. ದಂಡು ಇಲ್ಲಿ ನೆಲೆಯೂರಿದುದು ಅದಾದ ಮೇಲೆ, 1809ರಲ್ಲಿ.

ಬಾಗಿಲ ಕಂಬದ ಅಕ್ಷರಗಳು

ಹಲಸೂರಿನಿಂದ ಆಟೋಗಳಲ್ಲಿ ಹೊರಟ ತಂಡ ಇಂದಿರಾನಗರದ ಮಗ್ಗುಲಿನಲ್ಲಿರುವ ದೊಮ್ಮಲೂರನ್ನು ತಲುಪಿತು. ಬಹುಮಹಡಿಯ ಕಚೇರಿಗಳ ನಡುವೆ ಇಲ್ಲೊಂದು ಹಳೆಯ ಚೊಕ್ಕನಾಥಸ್ವಾಮಿಯ ಗುಡಿ ಇದೆ. ಚೊಕ್ಕ ಎಂದರೆ ಚೆಲುವ. ಇಲ್ಲಿ ಆ ಹೆಸರಿನಿಂದ ಪೂಜೆಗೊಳ್ಳುವವನು ವಿಷ್ಣು.

ಗುಡಿ ಚಿಕ್ಕದು, ಆದರೆ ಅದರ ಕಲ್ಲುಗಳು ಮಾತನಾಡುತ್ತವೆ. ಅಲ್ಲಿನ ಹಳೆಯ ಶಾಸನಗಳು ತಮಿಳಿನಲ್ಲಿವೆ. ಹದಿಮೂರನೆಯ ಶತಮಾನದ ಒಂದು ಶಾಸನವು ಬಾಗಿಲಿನ ಎರಡು ನಿಲುವುಗಳನ್ನು ಭಕ್ತರೊಬ್ಬರು ಮಾಡಿಸಿಕೊಟ್ಟ ಸಂಗತಿಯನ್ನು ಹೇಳುತ್ತದೆ. ಮತ್ತೊಂದು ಹೊಯ್ಸಳ ವೀರರಾಮನಾಥನ ಕಾಲದ್ದು. ಊರಿನ ಆದಾಯದಿಂದ ದೇವರಿಗೆ ಬಿಟ್ಟ ದತ್ತಿಯನ್ನು ಅದು ನಮೂದಿಸುತ್ತದೆ.

“ಹೊಯ್ಸಳರು ನಮ್ಮವರು. ಅವರ ಶಾಸನ ತಮಿಳಿನಲ್ಲಿ ಏಕಿದೆ?” ಎಂದು ಮೇಷ್ಟ್ರು ಕೇಳಿದರು.

ತರುಣಿ ವಿವರಿಸಿದಳು. ಕ್ರಿ.ಶ. ಸಾವಿರದ ಸುಮಾರಿನಲ್ಲಿ ಗಂಗರ ರಾಜ್ಯವನ್ನು ಚೋಳರು ಗೆದ್ದುಕೊಂಡರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಸೀಮೆ ಅವರ ಆಳ್ವಿಕೆಯಲ್ಲಿತ್ತು. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದು ಅವರನ್ನು ಹಿಂದಕ್ಕಟ್ಟಿದ ಮೇಲೂ ಜನ ಊರು ಬಿಟ್ಟು ಹೋಗಲಿಲ್ಲ. ಹೊಯ್ಸಳ ಮನೆತನದ ಒಂದು ಕವಲೂ ತಮಿಳು ಸೀಮೆಯ ಕಣ್ಣನೂರಿನಲ್ಲಿ ನೆಲೆಸಿತ್ತು. ರಾಮನಾಥನು ಆ ಕವಲಿನವನು. ಇಂಗ್ಲಿಷರ ಪಟಾಲಮ್ಮು ಬರುವುದಕ್ಕೆ ಐದುನೂರು ವರ್ಷಗಳ ಮೊದಲೇ ಈ ನೆಲದಲ್ಲಿ ಎರಡು ನುಡಿಗಳೂ ಒಟ್ಟಿಗಿದ್ದವು.

“ಹಾಗಾದರೆ ಕನ್ನಡದ ಕಲ್ಲುಗಳಿಲ್ಲವೇ?” ಎಂದು ಮೊಮ್ಮಗ ಕೇಳಿದ.

ಕನ್ನಡದ ಕಲ್ಲುಗಳು ಇನ್ನೂ ಹಳೆಯವು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರೇ ಬಂದಿದೆ. ಅದಕ್ಕಿಂತಲೂ ಹಿಂದಿನದು ಹೆಬ್ಬಾಳದ ಕಿತ್ತಯ್ಯನ ಕಲ್ಲು. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಊರಿನ ಮೇಲೆ ಬಂದ ದಾಳಿಯನ್ನೆದುರಿಸಿ ಮಡಿದ ವೀರನ ನೆನಪು ಅದು. ಅಷ್ಟು ಹಳೆಯ ಕಲ್ಲು ಇತಿಹಾಸಾಸಕ್ತರ ಕಣ್ಣಿಗೆ ಬಿದ್ದುದು 2018ರಲ್ಲಿ!

“ಅಲ್ಲಿಯವರೆಗೆ ಅದು ಎಲ್ಲಿತ್ತು?”

“ಮಣ್ಣಿನಲ್ಲಿ,” ಎಂದಳು ತರುಣಿ. “ಸಿಕ್ಕಿದ್ದು ಅದೃಷ್ಟ. ಸಿಕ್ಕದೆ ಹೋದವು ಬಹಳ.”

ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರೂರು ತಿರುಗಿಸಿ ಓದಿಸಿ, ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಆ ಪುಸ್ತಕವನ್ನು ಹಿಡಿದು ಈಗ ಹುಡುಕಹೊರಟವರಿಗೆ ಎಷ್ಟೋ ಕಲ್ಲುಗಳು ದೊರೆಯುವುದಿಲ್ಲ. ಕೆಲವು ತಳಪಾಯಕ್ಕೆ ಹೋಗಿವೆ, ಕೆಲವು ರಸ್ತೆಯ ಅಡಿಯಲ್ಲಿವೆ. ಉಳಿದವುಗಳನ್ನಾದರೂ ಕಾಪಾಡಬೇಕೆಂದು ಮಿಥಿಕ್ ಸೊಸೈಟಿಯವರು 2021ರಿಂದ ಯಂತ್ರದ ಸಹಾಯದಿಂದ ಒಂದೊಂದು ಶಾಸನದ ಮೇಲ್ಮೈಯನ್ನೂ ಅಳೆದು, ಅದರ ತದ್ರೂಪವನ್ನು ಗಣಕದಲ್ಲಿ ಸಂಗ್ರಹಿಸುತ್ತಿದ್ದಾರೆ. ಮುಂದೆ ಕಲ್ಲು ಸವೆದರೂ ಅಕ್ಷರ ಉಳಿಯುವುದು.

ಇದನ್ನು ಕೇಳಿದ ಮೇಲೆ ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗಲೂ ಅವರದು ಮೌನವೇ.

ದಂಡಿನ ಬೀದಿಗಳಲ್ಲಿ

ಮಧ್ಯಾಹ್ನ ಬಸ್ಸು ಟ್ರಿನಿಟಿ ಇಗರ್ಜಿಯ ಮುಂದೆ ಹಾದು ಶಿವಾಜಿನಗರಕ್ಕೆ ಬಂತು. 1851ರ ಆ ಇಗರ್ಜಿ ಸಿಪಾಯಿಗಳಿಗಾಗಿ ಕಟ್ಟಿದ್ದು. ಶಿವಾಜಿನಗರದ ಸಂತ ಮೇರಿಯ ದೇವಾಲಯದ ಕಥೆ ಬೇರೆ. ತಮಿಳು ಸೀಮೆಯಿಂದ ಬಂದ ಕ್ರೈಸ್ತರ ಹುಲ್ಲುಛಾವಣಿಯ ಗುಡಿಯಿಂದ ಬೆಳೆದು, 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಗೊಂಡ ಎತ್ತರದ ಗೋಥಿಕ್ ಕಟ್ಟಡ ಅದು. ಅಲ್ಲಿ ಮಾತೆಗೆ ಸೀರೆ ಉಡಿಸುತ್ತಾರೆ, ಸೆಪ್ಟೆಂಬರಿನಲ್ಲಿ ತೇರು ಎಳೆಯುತ್ತಾರೆ. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಮತದವರೂ ಉಂಟು.

ಅಲ್ಲಿಂದ ನಾಲ್ಕು ಹೆಜ್ಜೆಗೆ 1927ರ ರಸೆಲ್ ಮಾರ್ಕೆಟ್. ಹಣ್ಣಿನ ರಾಶಿಗಳ ನಡುವೆ ಉರ್ದುವಿನಲ್ಲಿ ಕೂಗಿದ ಬೆಲೆಗೆ ತಮಿಳಿನಲ್ಲಿ ಚೌಕಾಸಿ ನಡೆದು, ವ್ಯವಹಾರ ಕನ್ನಡದಲ್ಲಿ ಮುಗಿಯಿತು. ತಂಡದ ಗೃಹಿಣಿಯರು ಇಲ್ಲಿ ಇತಿಹಾಸವನ್ನು ಮರೆತು ಸೀಬೆಹಣ್ಣಿಗೆ ಮನಸೋತರು.

1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಹಿಂದಿರುಗಿದರೂ ದಂಡು ಇಂಗ್ಲಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಮರಳಿದುದು 1947ರ ಜುಲೈ 26ರಂದು. 1949ರಲ್ಲಿ ಪೇಟೆ, ದಂಡುಗಳೆರಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದವು. ಕಾಗದದಲ್ಲಿ ಆ ಗೆರೆ ಅಂದೇ ಅಳಿಸಿತು. ಮನಸ್ಸಿನಲ್ಲಿ ಅಳಿಸುವುದಕ್ಕೆ ಹೆಚ್ಚು ಕಾಲ ಬೇಕಾಯಿತು.

ಕೆರೆಯ ದಡದಲ್ಲಿ

ಬಿಸಿಲಿಳಿಯುವ ಹೊತ್ತಿಗೆ ಎಲ್ಲರೂ ಹಲಸೂರು ಕೆರೆಯ ಬಳಿ ಬಂದು ಸೇರಿದರು. ನಡುಗಡ್ಡೆಗಳ ಮರಗಳಿಗೆ ಹಕ್ಕಿಗಳು ಮರಳುತ್ತಿದ್ದವು. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು ಈ ಕೆರೆಯ ಆಚೆ, ಮದರಾಸು ಸ್ಯಾಪರ್ಸ್ ಸೈನಿಕರ ಆವರಣದಲ್ಲಿದೆ.

ಕೆರೆಯ ಸಮೀಪದಲ್ಲಿ ತಿರುವಳ್ಳುವರರ ಪ್ರತಿಮೆ ಇದೆ. 1991ರಲ್ಲಿ ಸಿದ್ಧವಾಗಿದ್ದ ಅದು ನುಡಿಯ ಕಲಹದ ಕಾರಣದಿಂದ ಹದಿನೆಂಟು ವರ್ಷ ಮುಸುಕಿನೊಳಗೇ ಇತ್ತು. 2009ರ ಆಗಸ್ಟ್ 9ರಂದು ಮುಸುಕು ಸರಿಯಿತು. ನಾಲ್ಕೇ ದಿನಗಳಲ್ಲಿ, 13ರಂದು, ಚೆನ್ನೈಯ ಅಯನಾವರದಲ್ಲಿ ತ್ರಿಪದಿಯ ಕವಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಇತ್ತ ಇದೇ ಮೂಡಣ ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರ್ವಜ್ಞನಗರವೆಂದು ಹೆಸರು. ದೊಮ್ಮಲೂರಿನ ಕಲ್ಲಿಗೆ ಏಳು ಶತಮಾನಗಳ ಹಿಂದೆಯೇ ತಿಳಿದಿದ್ದ ಮಾತನ್ನು ಜನ ಮತ್ತೊಮ್ಮೆ ಕಲಿತಂತಾಯಿತು.

ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಮೇಷ್ಟ್ರು ಆಗ ಬಾಯಿಬಿಟ್ಟರು.

“ನನ್ನ ತಾಯಿಯ ತವರು ಕೃಷ್ಣರಾಜಪುರದ ಆಚೆಯ ಒಂದು ಹಳ್ಳಿ ಕಣಮ್ಮಾ. ಬಾವಿಯ ಪಕ್ಕದಲ್ಲಿ ಒಂದು ಚಪ್ಪಡಿ ಇತ್ತು. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕಲ್ಲಿನ ತುಂಬ ಅಕ್ಷರ. ‘ಅದೇನು ಬರಹ, ಅಜ್ಜೀ?’ ಅಂತ ಕೇಳಿದರೆ, ‘ನಿಧಿಯ ಗುರುತು, ಓದಬಾರದು’ ಅನ್ನುತ್ತಿದ್ದಳು. ಆ ಮನೆಯನ್ನು ಮಾರಿದೆವು. ಮೂವತ್ತೆಂಟು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟೆ. ಆ ಕಲ್ಲು ಈ ದಿನದವರೆಗೆ ನೆನಪಿಗೇ ಬಂದಿರಲಿಲ್ಲ.”

ತರುಣಿ ತನ್ನ ಪುಸ್ತಕವನ್ನು ತೆರೆದು ಹಳ್ಳಿಯ ಹೆಸರು ಕೇಳಿದಳು, ಬಾವಿ ಯಾವ ದಿಕ್ಕಿಗಿತ್ತೆಂದು ಕೇಳಿದಳು. ಮೇಷ್ಟ್ರು ಕೈಕೋಲಿನಿಂದ ಮಣ್ಣಿನ ಮೇಲೆ ಮನೆ, ಬಾವಿ, ಹುಣಿಸೆಮರ ಎಂದು ಗೆರೆಯೆಳೆದು ತೋರಿಸಿದರು. ಮೊಮ್ಮಗ ಬಗ್ಗಿ ನೋಡುತ್ತಿದ್ದ.

“ಮುಂದಿನ ಭಾನುವಾರ ಹೋಗಿ ನೋಡೋಣವೇ, ತಾತ?”

“ಹೋಗೋಣ. ಇದ್ದರೂ ಇರಬಹುದು,” ಎಂದು ಮೇಷ್ಟ್ರು ಎದ್ದು ನಿಂತರು. ಆಗಲೇ ಕೆರೆಯ ಸುತ್ತಿನ ದೀಪಗಳು ಹತ್ತಿಕೊಂಡಿದ್ದವು.