ಗುಡುಗಿನ ಲೆಕ್ಕ, ಗಗನದ ಗಡಿಯಾರ

ನಮ್ಮ ಶಾಲೆ ಆರಂಭವಾದ 1975ರಲ್ಲಿಯೇ, ಏಪ್ರಿಲ್ 19ರಂದು, ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸೋವಿಯತ್ ಒಕ್ಕೂಟದ ನೆಲದಿಂದ ಮೇಲೇರಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಮುಂದಾಳು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಅವರು. ಮಡಕಶಿರಾ ಸೀಮೆಯ ನಮ್ಮ ಶಾಲೆಯೂ ಆಗ ತಗಡು ಹೊದಿಸಿದ ಒಂದು ಶೆಡ್ಡು. ಸಮವಯಸ್ಸಿನ ಈ ನೆಪದಿಂದ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಉಪಗ್ರಹಗಳ ಮಾತನ್ನಾಡಲು ಓದುಗರ ಅಪ್ಪಣೆ ಬೇಡುತ್ತೇನೆ.

ಮಗಳ ಟಿ.ಸಿ. ಪಡೆಯಲು ಬಂದಿದ್ದ ರೈತರೊಬ್ಬರು ಮೊಬೈಲಿನಲ್ಲಿ ದಾರಿ ತೋರುವ ನಕ್ಷೆಯನ್ನು ನನ್ನ ಮುಂದೆ ಹಿಡಿದು, “ಮೇಷ್ಟ್ರೇ, ಇದೆಲ್ಲ ಕನ್ನಡದಾಗೆ ಕಲಿಯೋಕಾಗುತ್ತಾ?” ಎಂದರು. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ, ಕನ್ನಡದಲ್ಲಿಯೇ ವಿಜ್ಞಾನ ಕಲಿಸಿದ ನಾನು ಅವರಿಗೆ ಹೇಳಿದ್ದು ಇಷ್ಟು.

ಮಳೆಗಾಲದಲ್ಲಿ ಮಕ್ಕಳಿಂದ ಮಿಂಚು ಕಂಡಲ್ಲಿಂದ ಗುಡುಗು ಕೇಳುವವರೆಗೆ ಎಣಿಸುತ್ತಿದ್ದೆವು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಆರು ಸೆಕೆಂಡಾದರೆ ಸಿಡಿಲು ಎರಡು ಕಿಲೋಮೀಟರ್ ದೂರ. ಉಪಗ್ರಹದ್ದೂ ಇದೇ ಲೆಕ್ಕ. ತಾನು ಎಲ್ಲಿದ್ದೇನೆ, ಈಗ ಹೊತ್ತೆಷ್ಟು ಎಂದು ಅದು ರೇಡಿಯೋ ತರಂಗದ ಮೂಲಕ ಸಾರುತ್ತದೆ. ತರಂಗ ತಲುಪಲು ಹಿಡಿದ ಕಾಲದಿಂದ ಮೊಬೈಲು ದೂರವನ್ನು ಗುಣಿಸಿಕೊಳ್ಳುತ್ತದೆ. ಆದರೆ ತರಂಗದ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಆದ್ದರಿಂದ ಅದಕ್ಕೆ ಪರಮಾಣು ಗಡಿಯಾರವೇ ಬೇಕು.

2013ರ ಜುಲೈ 1ರಿಂದ 2016ರ ಏಪ್ರಿಲ್ 28ರವರೆಗೆ ಇಂಥ ಏಳು ಉಪಗ್ರಹಗಳು ನಮ್ಮ ಆಂಧ್ರದ ಶ್ರೀಹರಿಕೋಟದಿಂದ ಹಾರಿದವು. ಆ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಾಯಿತು. ಅವುಗಳ ಗಡಿಯಾರಗಳು ಮಾತ್ರ ಹೊರದೇಶದವು. ಮೊದಲನೆಯ ಉಪಗ್ರಹದ ಮೂರು ಗಡಿಯಾರಗಳೂ ಕೆಟ್ಟವು. ಹೊತ್ತು ಹೇಳಲಾರದ ಉಪಗ್ರಹ ದಾರಿ ತೋರಲೂ ಆರದಾಯಿತು. ಬದಲಿಗೆ 2017ರಲ್ಲಿ ಕಳುಹಿಸಿದ್ದು, ರಾಕೆಟ್ಟಿನ ಶಾಖಕವಚ ಕಳಚದೆ ವ್ಯರ್ಥವಾಯಿತು. 2018ರ ಏಪ್ರಿಲಿನಲ್ಲಿ ಮತ್ತೊಂದು ಕಕ್ಷೆ ಸೇರಿತು.

ಅಷ್ಟರಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರದವರು ಗಡಿಯಾರವನ್ನು ತಾವೇ ನಿರ್ಮಿಸುವ ಕಾರ್ಯಕ್ಕೆ ಕೈಹಾಕಿದ್ದರು. 2023ರ ಮೇ 29ರಂದು ಹಾರಿದ, ಎರಡನೆಯ ಪೀಳಿಗೆಯ ಮೊದಲ ಉಪಗ್ರಹ ಎನ್‌ವಿಎಸ್-01 ಆ ದೇಶೀಯ ಗಡಿಯಾರವನ್ನು ಹೊತ್ತೊಯ್ದಿತು. ಹಿಂದಿನವು 1425 ಕಿಲೋ ತೂಗಿದರೆ ಇದು 2232 ಕಿಲೋ. ಸಾಮಾನ್ಯ ಮೊಬೈಲುಗಳಿಗೂ ಸುಲಭವಾಗಿ ದಕ್ಕುವ ಹೊಸ ತರಂಗವೊಂದು ಇದರಲ್ಲಿ ಸೇರಿತು. 2025ರ ಜನವರಿ 29ರಂದು, ಶ್ರೀಹರಿಕೋಟದ ನೂರನೆಯ ಉಡಾವಣೆಯಲ್ಲಿ, ಎನ್‌ವಿಎಸ್-02 ಮೇಲೇರಿತು. ರಾಕೆಟ್ಟು ತನ್ನ ಕೆಲಸ ಮಾಡಿತು. ಉಪಗ್ರಹದ ಕವಾಟ ತೆರೆಯದೆ ಅದು ಉದ್ದೇಶಿತ ಕಕ್ಷೆಗೆ ಏರಲಾಗಲಿಲ್ಲ. ಸ್ವಂತ ವಿದ್ಯೆಯ ದಾರಿ ಹೀಗೆ ಏಳುಬೀಳಿನದು.

ತಂದೆ ಸುಮ್ಮನಿದ್ದರು. ಏಳನೆಯ ತರಗತಿಯ ಮಗಳು ಕೇಳಿದಳು: “ತಾತಾ, ಅಪ್ಪನ ಮೊಬೈಲಿನ ಗಡಿಯಾರ ಅಷ್ಟು ಸರಿಯಾಗಿರಲ್ವಲ್ಲ, ಮತ್ತೆ ಲೆಕ್ಕ ಹೇಗೆ ಸರಿಹೋಗುತ್ತೆ?”

ವಿಷಯದ ತಿರುಳೇ ಆ ಪ್ರಶ್ನೆಯಲ್ಲಿತ್ತು. ಸ್ಥಳ ತಿಳಿಯಲು ಮೂರು ಉಪಗ್ರಹಗಳ ದೂರ ಸಾಕು. ನಾಲ್ಕನೆಯದು ಬೇಕಾಗುವುದು ಮೊಬೈಲಿನ ಗಡಿಯಾರದ ತಪ್ಪನ್ನು ತಿದ್ದುವುದಕ್ಕೇ. ಅವಳಿಗೆ ಹಾಗೆಯೇ ಹೇಳಿದೆ.

ತಂದೆ ಟಿ.ಸಿ. ಪಡೆದುಕೊಂಡೇ ಹೋದರು; ಅವರ ಕಷ್ಟ ಅವರಿಗೆ. ಆದರೆ ಅವರು ಕೇಳಿದ್ದಕ್ಕೆ ಉತ್ತರವನ್ನು ಮಗಳೇ ಕೊಟ್ಟಿದ್ದಳು. ಅಂಥ ಪ್ರಶ್ನೆಯನ್ನು ಮಗುವೊಂದು ತನ್ನ ಮನೆಮಾತಿನಲ್ಲಿ ಅಂಜದೆ ಕೇಳುವ ಜಾಗ ಈ ಗಡಿನಾಡಿನಲ್ಲಿ ಉಳಿಯಬೇಕು. ಅದಕ್ಕಾಗಿ ನಮ್ಮ ಶಾಲೆ ಉಳಿಯಲಿ, ಶತಮಾನೋತ್ಸವವನ್ನೂ ಕಾಣಲಿ.